ಬೂದುಗುಂಬಳ ಹೊತ್ತವನ ಹೆಗಲು

ಫೆಬ್ರುವರಿ 2, ಸೋಮವಾರ

ಇವತ್ತಿನಿಂದ ಫುಟ್‌ಬಾಲ್ ಮೈದಾನದೊಳಗೆ ಒಂಟಿಗಾಲಿಗೆ ಪ್ರವೇಶವಿಲ್ಲ. ಒಂಟಿಗಾಲು ಎಂದರೆ ಭಾರದ ಲೆನ್ಸಿನ ಕೆಳಗೆ ಊರಿಕೊಳ್ಳುವ ಒಂದೇ ಕಾಲಿನ ಕೋಲು. ಮೂರು ಕಾಲಿನ ಸ್ಟ್ಯಾಂಡಿಗೆ ಮೊದಲೇ ಬಹಿಷ್ಕಾರವಿತ್ತು. ಕಳೆದ ವಾರ ಗೆರೆಗುಂಟ ಹಿಂದುಹಿಂದಕ್ಕೆ ಓಡುತ್ತಿದ್ದ ಬಾವುಟದ ರೆಫರಿ ಯಾರದೋ ಕೋಲಿಗೆ ಎಡವಿ ಮುಂಗೈ ಮುರಿದುಕೊಂಡ. ಯಾರದೋ ಎಂದರೆ ನನ್ನದಲ್ಲ. ನನ್ನದು ಅದರ ಪಕ್ಕದ್ದು. ಮುರಿದದ್ದು ಅವನ ಒಂದು ಕೈ, ಕಟ್ಟಿಹಾಕಿದ್ದು ನಮ್ಮೆಲ್ಲರ ಎರಡೂ ಕೈ.

ನಮ್ಮ ಪತ್ರಿಕೆಯ ದೂರದ ಲೆನ್ಸಿಗೆ ಆಫೀಸಿನಲ್ಲಿ ಬೂದುಗುಂಬಳ ಎಂದೇ ಹೆಸರು. ಬಣ್ಣ ಬೂದಿಬಿಳುಪು, ಗಾತ್ರ ಅದರಷ್ಟೇ, ತೂಕ ಕ್ಯಾಮೆರಾ ಸೇರಿ ಆರೂಮುಕ್ಕಾಲು ಕಿಲೋ, ಅಡುಗೆಗಂತೂ ಬಾರದು. ಒಳಗೆ ಅಲುಗಾಟ ತಡೆಯುವ ಒಂದು ಯಂತ್ರವಿತ್ತು. ಎರಡು ವರ್ಷದ ಹಿಂದೆ ಅದು 'ಕ್ರೀಕ್' ಎಂದು ನಿವೃತ್ತಿ ಪಡೆಯಿತು. ಅದರ ರಿಪೇರಿಗೆ ಕೊಟ್ಟ ಅರ್ಜಿ ಮಾತ್ರ ಇನ್ನೂ ಸೇವೆಯಲ್ಲಿದೆ.

ಕೋಲು ಹೋಯಿತು, ತೋಳು ಉಳಿಯಿತು,
ಕೇಳುವರಿಲ್ಲದ ಗೋಳು ಮೊದಲಾಯಿತು.

ಬಿ.ಎ.ಯಲ್ಲಿ ಛಂದಸ್ಸಿಗೆ ಪೂರ್ತಿ ಅಂಕ ತೆಗೆದವನು ನಾನು. ಅದರಿಂದ ಆದ ಉಪಯೋಗ ಇಷ್ಟೇ.

ಇವತ್ತಿನ ಪಂದ್ಯಕ್ಕೆ ಇನ್ನೂರ ಹನ್ನೆರಡು ಚಿತ್ರ ತೆಗೆದೆ. ಅಲುಗದೆ ಬಂದದ್ದು ಒಂಬತ್ತು. ಗಾಳಿ ವಿಪರೀತ ಇತ್ತು.

ಫೆಬ್ರುವರಿ 4, ಬುಧವಾರ

ಚಿತ್ರ ವಿಭಾಗದ ಮುಖ್ಯಸ್ಥರು ಕರೆಸಿದ್ದರು. ಇವರ ಅಡ್ಡಹೆಸರು ಕತ್ತರಿ. ಯಾರು ಎಂಥ ಚಿತ್ರ ತಂದರೂ ನಾಲ್ಕೂ ಕಡೆ ಕತ್ತರಿಸದೆ ಪುಟಕ್ಕೆ ಬಿಡುವವರಲ್ಲ. ಅವರ ಮದುವೆಯ ಫೋಟೋದಲ್ಲಿ ಮಾವನವರು ಅರ್ಧವೇ ಇದ್ದಾರಂತೆ.

"ಏನ್ರೀ ಇದು? ಚೆಂಡು ಎಷ್ಟಿದೆ ಇಲ್ಲಿ?"

"ಒಂದೇ ಸಾರ್."

"ನನಗೆ ಮೂರು ಕಾಣಿಸ್ತಿದೆ."

ಸಂಜೆಯ ಬೆಳಕು ಸಾಲದು, ಶಟರ್ ವೇಗ ಏರಿಸಿದರೆ ಚಿತ್ರವೆಲ್ಲ ರವೆ ಚೆಲ್ಲಿದ ಹಾಗೆ ಕಾಳುಕಾಳು, ಇಳಿಸಿದರೆ ಅಲುಗಾಟ ಎಂದು ವಿವರಿಸಿದೆ. ಪೂರ್ತಿ ಕೇಳಿದರು. ಕೇಳಿ ಅದನ್ನೂ ನಾಲ್ಕೂ ಕಡೆ ಕತ್ತರಿಸಿದರು.

"ಮಾರ್ಚ್ ಎಂಟಕ್ಕೆ ಫೈನಲ್. ಮೊದಲ ಪುಟಕ್ಕೆ ಒಂದು ಚಿತ್ರ, ಗಟ್ಟಿಯಾಗಿರೋದು. ಅದು ಆಗ್ಲಿಲ್ಲ ಅಂದ್ರೆ ಹಳೇ ಚಿತ್ರದ ಕೋಣೆಗೆ ಹೋಗಿ ಕೂತ್ಕೊಳ್ಳಿ. ಅಲ್ಲಿ ಯಾವುದೂ ಅಲುಗಲ್ಲ."

ಹಳೇ ಚಿತ್ರದ ಕೋಣೆ ನೆಲಮಾಳಿಗೆಯಲ್ಲಿದೆ. ಕಿಟಕಿ ಇಲ್ಲ. ಅಲ್ಲಿರುವವರ ಕೆಲಸ ಸತ್ತವರ ಫೋಟೋದ ಹಿಂದೆ ಹೆಸರು ಬರೆಯುವುದು. ಇಪ್ಪತ್ತು ವರ್ಷ ಬಯಲಿನಲ್ಲಿ ನಿಂತವನು ನಾನು. ಅಲ್ಲಿ ಕೂತರೆ ಮೊದಲು ನನ್ನ ಫೋಟೋದ ಹಿಂದೆಯೇ ಬರೆದುಕೊಳ್ಳಬೇಕು.

ಫೆಬ್ರುವರಿ 7, ಶನಿವಾರ

ಸಾಧನೆ ಆರಂಭ. ವಿಧಾನ ನನಗೆ ಗೊತ್ತಿಲ್ಲದ್ದೇನಲ್ಲ. ಹೊಸಬರಿಗೆ ನಾನೇ ಪಾಠ ಹೇಳಿದ್ದೇನೆ. ಎಡಗಾಲು ಮುಂದೆ, ಬಲಗಾಲು ಹಿಂದೆ. ಎಡ ಅಂಗೈ ಲೆನ್ಸಿನ ಹೊಟ್ಟೆಯ ಕೆಳಗೆ. ಎರಡೂ ಮೊಣಕೈ ಪಕ್ಕೆಲುಬಿಗೆ. ಹುಬ್ಬಿಗೆ ಕ್ಯಾಮೆರಾ ಒತ್ತಿ, ಅರ್ಧ ಉಸಿರು ಬಿಟ್ಟು, ಉಳಿದರ್ಧ ತಡೆದು, ಗುಂಡಿಯನ್ನು ಒತ್ತದೆ ಹಿಂಡಬೇಕು. ಹೇಳುವುದಕ್ಕೆ ಚೆನ್ನ.

ನಡುಮನೆಯ ಕಿಟಕಿಯಲ್ಲಿ ನಿಂತು ಎದುರು ಕಟ್ಟಡದ ನೀರಿನ ಟ್ಯಾಂಕಿಗೆ ಗುರಿಯಿಟ್ಟೆ. ಟ್ಯಾಂಕಿನ ಮೇಲಿನ ಅಕ್ಷರ ಓದಲು ಬಂದರೆ ಪಾಸು. ಕಣ್ಣಿನಲ್ಲಿ ಟ್ಯಾಂಕು ತೇಲಿತು, ತೂಗಿತು, ಕುಣಿಯಿತು. ಕಟ್ಟಡದ ಗಟ್ಟಿತನದ ಬಗ್ಗೆಯೇ ಅನುಮಾನ ಬಂತು.

ಹೆಂಡತಿ ಬಸ್ ನಿಲ್ದಾಣದಲ್ಲಿ ಮೈಕಿನ ಹಿಂದೆ ಕೂತು ಬಸ್ಸುಗಳ ಹೊತ್ತು ಹೇಳುವವಳು. ಮನೆಯಲ್ಲೂ ಅವಳದು ಪ್ರಕಟಣೆಯೇ, ಮಾತುಕತೆಯಲ್ಲ.

"ಗಮನಿಸಿ. ಕಿಟಕಿ ಹತ್ರ ನಿಂತಿರೋ ಪ್ರಯಾಣಿಕರು ದಯವಿಟ್ಟು ಪಕ್ಕಕ್ಕೆ ಸರೀರಿ. ಎದುರು ಮನೆಯವರು ಪರದೆ ಎಳ್ಕೊಂಡ್ರು."

ಅಪ್ಪ ಸೋಫಾದಲ್ಲಿ ಕೂತು ಟೀ ಕುಡಿಯುತ್ತಿದ್ದ. ಅಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಬಿಟ್ಟು ಇಪ್ಪತ್ತೈದು ವರ್ಷವಾಯಿತು. ಈಗ ಅವನು ಕಪ್ಪು ಎತ್ತಿದರೆ ಸಾಸರಿನ ಜೊತೆ ಜಲತರಂಗ ಶುರುವಾಗುತ್ತದೆ. ದಿನಕ್ಕೆ ಮೂರು ಕಛೇರಿ, ಟಿಕೆಟ್ ಇಲ್ಲ. ಇದು ಹಳೆಯ ಕುಡಿತದ ಫಲ ಎಂದು ಆಗ ಬೀದಿಯೆಲ್ಲ ಮಾತು. ಆ ಮಾತಿಗೆ ನಾನು ಯಾವತ್ತೂ ಬಾಯಿ ಹಾಕಿದವನಲ್ಲ. ಕಿವಿ ಮಾತ್ರ ಹಾಕಿದವನು.

"ತುಂಬ ಬಿಗಿ ಹಿಡೀತಿದ್ದೀಯ ಕಣೋ," ಎಂದ ಅಪ್ಪ.

ಕಪ್ಪು ಹಿಡಿಯಲಾರದವನಿಂದ ಕ್ಯಾಮೆರಾ ಪಾಠ. ಜಲತರಂಗದ ಸದ್ದಿನಲ್ಲಿ ಕೇಳಿಸಲಿಲ್ಲ ಎಂಬಂತೆ ಇದ್ದೆ.

ಫೆಬ್ರುವರಿ 10, ಮಂಗಳವಾರ

ಹೊಸ ಬ್ಲೇಡು ಸರಿಯಿಲ್ಲ. ಗಲ್ಲದಲ್ಲಿ ಎರಡು ಗಾಯ. ಮನೆಯ ಬೀಗದ ತೂತನ್ನು ಇರುವೆಗೆಂದು ಮಾಡಿದ್ದಾರೆ, ಕೀಲಿಕೈಗಲ್ಲ. ಈ ಪೆನ್ನೂ ಸರಿಯಿಲ್ಲ, ಅಕ್ಷರ ಕೋಳಿ ಕೆದರಿದ ಹಾಗಿದೆ. ವಸ್ತುಗಳ ಗುಣಮಟ್ಟ ಎಲ್ಲ ಕಡೆಯೂ ಇಳಿದುಹೋಗಿದೆ.

ಫೆಬ್ರುವರಿ 11, ಬುಧವಾರ

ಆಫೀಸಿನ ಮೀಟಿಂಗು. ಕತ್ತರಿ ಯಾರ ಮುಖವನ್ನೂ ನೋಡದೆ, ಗೋಡೆಯ ಗಡಿಯಾರಕ್ಕೆ ಹೇಳಿದರು: "ನಮ್ಮಲ್ಲಿ ಒಬ್ಬರ ಕೈ ನೆಟ್ಟಗಿಲ್ಲ. ಯಾರು ಅಂತ ನಾನು ಹೇಳಲ್ಲ."

ಗಡಿಯಾರ ಏನೂ ಹೇಳಲಿಲ್ಲ. ಕ್ರೀಡಾ ವರದಿಗಾರ ನನ್ನತ್ತ ತಿರುಗಿ ಕಿಸಕ್ಕನೆ ನಕ್ಕ. ಆಮೇಲೆ ಪಕ್ಕದವನು. ಆಮೇಲೆ ಸಾಲು ಸಾಲೇ. ಏನೆಂದು ನೋಡಿದರೆ ನನ್ನ ಎಡಗೈ ನನ್ನ ಬಲ ಹೆಗಲ ಮೇಲೆ ಇತ್ತು.

"ಕುಂಬಳಕಾಯಿ ಕಳ್ಳ ಅಂದ್ರೆ..." ಎಂದ ವರದಿಗಾರ.

"...ಹೆಗಲು ಮುಟ್ಟಿ ನೋಡ್ಕೊಂಡ!" ಎಂದಿತು ಇಡೀ ಕೋಣೆ, ಒಂದೇ ದನಿಯಲ್ಲಿ, ಶಾಲಾ ಮಕ್ಕಳ ಹಾಗೆ.

ನಿನ್ನೆ ಇಡೀ ದಿನ ಬೂದುಗುಂಬಳ ಹೊತ್ತು ಹೆಗಲು ನೋಯುತ್ತಿತ್ತು, ಉಜ್ಜಿಕೊಳ್ಳುತ್ತಿದ್ದೆ. ಅಷ್ಟೇ. ಆದರೆ ನಿಜವಾದ ಕುಂಬಳಕಾಯಿಯನ್ನೇ ಹೊತ್ತವನು ಗಾದೆಯ ವಿರುದ್ಧ ಏನೆಂದು ವಾದ ಹೂಡುವುದು? ನಾನೂ ನಕ್ಕೆ. ನಗುತ್ತ ಎರಡೂ ಕೈ ಜೇಬಿಗಿಟ್ಟೆ. ಮೀಟಿಂಗು ಮುಗಿಯುವವರೆಗೆ ಹೊರಗೆ ತೆಗೆಯಲಿಲ್ಲ.

ಫೆಬ್ರುವರಿ 15, ಭಾನುವಾರ

ನಾನೂರ ಆರು ಚಿತ್ರ. ಅಲುಗದವು ಮೂರು. ಒಂದರಲ್ಲಿ ಗೋಲಿನ ಕಂಬ. ಇನ್ನೊಂದರಲ್ಲಿ ಖಾಲಿ ಹುಲ್ಲು. ಮೂರನೆಯದರಲ್ಲಿ ಒಬ್ಬ ಆಟಗಾರ ಬೂಟಿನ ದಾರ ಕಟ್ಟುತ್ತಿದ್ದಾನೆ.

ಕತ್ತರಿ ಮೂರನ್ನೂ ಪಕ್ಕಕ್ಕೆ ಸರಿಸಿದರು. ಸುದ್ದಿಸಂಸ್ಥೆಯ ಚಿತ್ರ ತರಿಸಿ ಹಾಕಿದರು. ನಮ್ಮ ಮೈದಾನ, ನಮ್ಮ ಪಂದ್ಯ, ನಾನು ಕೂತ ಜಾಗದಿಂದ ಎರಡು ಮಾರು ದೂರ ಕೂತವನ ಚಿತ್ರ. ಅವನಿಗೂ ಕೋಲು ಇರಲಿಲ್ಲ.

ಇದಕ್ಕೆ ಪ್ರಾಸ ಹೊಳೆಯುತ್ತಿಲ್ಲ.

ಫೆಬ್ರುವರಿ 17, ಮಂಗಳವಾರ

ಕಾಫಿ ಬಿಟ್ಟೆ. ಕಾಫಿ ನನ್ನನ್ನು ಬಿಟ್ಟಿಲ್ಲ. ಅಂಗಿಯ ಮೇಲಿದೆ.

ಫೆಬ್ರುವರಿ 20, ಶುಕ್ರವಾರ

ಹೆಂಡತಿ ಊಟಕ್ಕೆ ಬಡಿಸುತ್ತಿದ್ದವಳು ಸೌಟು ಅಲ್ಲೇ ನಿಲ್ಲಿಸಿ ನನ್ನ ನೀರಿನ ಲೋಟ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ನಾನು ಲೋಟವನ್ನು ಕೆಳಗಿಡಬೇಕಾಯಿತು.

"ರೀ, ಯಾವಾಗಿಂದ ಇದು?"

"ಲೋಟ ಜಾರುತ್ತೆ. ಸೋಪು ಹೋಗಿರಲ್ಲ. ತೊಳೆಯೋದು ಸರಿಯಾಗಿ ತೊಳೀಬೇಕು."

"ಲೋಟ ಜಾರುತ್ತೆ, ಬೀಗ ಸಣ್ಣದು, ಬ್ಲೇಡು ಮೊಂಡು, ಗಾಳಿ ಜಾಸ್ತಿ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿಮಗೆ ನೆಲ ಒಂದೇ ಅಲ್ಲ, ಇಡೀ ಮನೆಯೇ ಡೊಂಕು."

"ಕುಣಿಯೋಕೆ ನಾನೇನು..."

"ಕುಣೀತಿರೋದು ನೀವಲ್ಲ. ನಿಮ್ಮ ಕೈ."

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಎತ್ತಲಿಲ್ಲವೆಂದು ನನಗೆ ಹೇಗೆ ಗೊತ್ತೆಂದರೆ ನಾನು ಮೊದಲು ನೋಡಿದ್ದೇ ಅವನನ್ನು.

ಆಮೇಲೆ ನಾನು ದನಿ ಏರಿಸಿದೆ. ಏನೇನು ಅಂದೆ ಎಂದು ಬರೆಯುವುದಿಲ್ಲ. ಒಂದನ್ನು ಬರೆಯುತ್ತೇನೆ. "ನಾನೇನು ಅಪ್ಪನ ಥರ ಕುಡಿದು ಕೈ ಹಾಳು ಮಾಡ್ಕೊಂಡಿಲ್ಲ" ಎಂದೆ. ಅಪ್ಪನ ತಟ್ಟೆ-ಲೋಟದ ಜಲತರಂಗ ನಿಂತಿತು. ಅಪ್ಪ ಎದ್ದು ತನ್ನ ತಟ್ಟೆಯನ್ನು ತಾನೇ ತೊಳೆದು, ಒರೆಸಿ, ಜೋಡಿಸಿ ಕೋಣೆಗೆ ಹೋದ. ತಟ್ಟೆ ಬೀಳಲಿಲ್ಲ.

ಹೆಂಡತಿ ಮೈಕಿನ ದನಿಯಲ್ಲಿ ಹೇಳಲಿಲ್ಲ, ಮೆಲ್ಲಗೆ ಹೇಳಿದಳು: "ಸೋಮವಾರ ಹನ್ನೊಂದು ಗಂಟೆಗೆ ಡಾಕ್ಟ್ರ ಹತ್ರ ಹೆಸರು ಬರೆಸಿದ್ದೀನಿ. ಹೋಗಿ."

ಮೆಲ್ಲಗೆ ಹೇಳಿದರೆ ಅವಳ ಮಾತು ಮೀರುವುದು ಕಷ್ಟ. ಮೈಕಿದ್ದರೆ ಅಭ್ಯಾಸವಾಗಿದೆ.

ಫೆಬ್ರುವರಿ 23, ಸೋಮವಾರ

ಡಾಕ್ಟರು ಕೈ ಮುಂದೆ ಚಾಚಲು ಹೇಳಿದರು. ಚಾಚಿದೆ. ಮೂಗು ಮುಟ್ಟಿಕೊಳ್ಳಲು ಹೇಳಿದರು. ಮುಟ್ಟಿದೆ, ಎರಡನೆಯ ಸಲಕ್ಕೆ. ಒಂದು ಹಾಳೆ ಕೊಟ್ಟು, ನಡುವಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಸುರುಳಿ ಬರೆಯಿರಿ, ಕೈ ಮೇಜಿಗೆ ತಾಗಿಸಬೇಡಿ ಎಂದರು. ಬರೆದೆ. ನನ್ನ ಸುರುಳಿಗೆ ಸುತ್ತಲೂ ಹಲ್ಲು ಮೂಡಿದ್ದವು, ಗರಗಸದ ಹಾಗೆ.

"ಇದು ನಡುಕ," ಎಂದರು.

ಮೂರು ವಾರದಿಂದ ಈ ದಿನಚರಿಯಲ್ಲಿ ನಾನು ಬರೆಯದೆ ದಾಟಿಕೊಂಡು ಬಂದ ಪದ ಅದು. ಅಲುಗಾಟ ಬರೆದೆ, ಕುಣಿತ ಬರೆದೆ, ಜಲತರಂಗವೆಂದೂ ಬರೆದೆ. ಅವರು ಒಂದು ಬಿಲ್ಲೆಯ ಹಾಗೆ ಅದನ್ನು ಮೇಜಿನ ಮೇಲಿಟ್ಟರು.

"ಪ್ರಾಣಕ್ಕೇನೂ ಅಪಾಯ ಇಲ್ಲ. ಸುಮ್ನೆ ಇಟ್ಕೊಂಡಿದ್ರೆ ಇರಲ್ಲ, ಏನಾದ್ರೂ ಎತ್ತಿ ಹಿಡಿದ್ರೆ ಬರುತ್ತೆ. ಬಿಗಿ ಹಿಡಿದಷ್ಟೂ ಜಾಸ್ತಿ. ಹೆದರಿದಷ್ಟೂ ಜಾಸ್ತಿ. ಬೆಳಿಗ್ಗೆ ಅರ್ಧ ಮಾತ್ರೆ ತಗೊಳ್ಳಿ, ಸ್ವಲ್ಪ ಕಡಿಮೆಯಾಗುತ್ತೆ, ಪೂರ್ತಿ ಹೋಗಲ್ಲ. ಎಷ್ಟೋ ಸಲ ಇದು ಮನೆತನದಲ್ಲೇ ಇಳಿದು ಬರುತ್ತೆ. ನಿಮ್ಮ ತಂದೆಯವರಿಗೆ ಇತ್ತಾ?"

"ಅವರದು ಕುಡಿತದ್ದು."

"ಈಗ್ಲೂ ಕುಡೀತಾರಾ?"

"ಇಲ್ಲ."

"ಬಿಟ್ಟು ಎಷ್ಟು ವರ್ಷ ಆಯ್ತು?"

ಲೆಕ್ಕ ಹಾಕಲು ಹೋದೆ. ಅಪ್ಪ ಕುಡಿದದ್ದನ್ನು ನಾನು ನೋಡಿದ ದಿನದಿಂದ ಶುರುಮಾಡೋಣವೆಂದು ಆ ದಿನವನ್ನು ಹುಡುಕಿದೆ. ಸಿಗಲಿಲ್ಲ. ಬಾಟಲಿ ನೆನಪಿಲ್ಲ, ವಾಸನೆ ನೆನಪಿಲ್ಲ. ಬೀದಿಯ ಮಾತು ಮಾತ್ರ ನೆನಪಿದೆ.

ನಡುಕ. ಪ್ರಾಸಕ್ಕೆ ಸಿಡುಕ, ಕುಡುಕ. ಬಿ.ಎ. ಓದಿದ್ದು ವ್ಯರ್ಥವಾಗಲಿಲ್ಲ.

ಮನೆಯಲ್ಲಿ "ನರದ ಸುಸ್ತಂತೆ" ಎಂದಷ್ಟೇ ಹೇಳಿದೆ.

ಫೆಬ್ರುವರಿ 25, ಬುಧವಾರ

ಸುರುಳಿಯ ಹಾಳೆ ನನ್ನ ಅಂಗಿಯ ಜೇಬಿನಲ್ಲಿತ್ತು. ಒಗೆಯಲು ಹಾಕುವ ಮೊದಲು ಜೇಬು ನೋಡುವುದು ಅಪ್ಪನ ಕೆಲಸ. ನಾನು ಆಫೀಸಿನಿಂದ ಬಂದಾಗ ಅವನು ಅದನ್ನು ಊಟದ ಮೇಜಿನ ಮೇಲೆ ಹರಡಿ, ಕನ್ನಡಕ ಹಾಕಿಕೊಂಡು ನೋಡುತ್ತಿದ್ದ. ಬೇರೆ ಪೇಂಟರನ ಕೆಲಸ ನೋಡುವ ಹಾಗೆ.

"ನನಗೆ ಸೊನ್ನೆಯಲ್ಲಿ ಗೊತ್ತಾಯ್ತು," ಎಂದ.

ನಾನು ಚೀಲ ಕೆಳಗಿಡದೆ ನಿಂತೇ ಇದ್ದೆ.

"ಬಟ್ಟೆ ಅಂಗಡಿ ಬೋರ್ಡು. ಫೋನ್ ನಂಬರಲ್ಲಿ ನಾಲ್ಕು ಸೊನ್ನೆ. ಗೆರೆ ಆದ್ರೆ ಪಟ್ಟಿ ಇಟ್ಕೊಂಡು ಎಳೀಬಹುದು, ಸೊನ್ನೆಗೆ ಮೋಸ ಮಾಡೋಕಾಗಲ್ಲ. ಕುಂಚ ಸುತ್ತು ಬರೋವಾಗ ಅಲೆ ಅಲೆ. ಸರಿ, ಇನ್ನೇನು ಮಾಡೋದು ಅಂತ ಉಳಿದ ಅಕ್ಷರಕ್ಕೂ ಅಲೆ ಬಿಟ್ಟೆ. ಅಂಗಡಿಯವನು ಬಂದು ನೋಡಿ, 'ಇದೇನು ಹೊಸ ಡಿಸೈನಾ?' ಅಂದ. ಹೌದು ಅಂದೆ. ಆಮೇಲೆ ಎರಡು ವರ್ಷ ಎಲ್ರೂ ಅದನ್ನೇ ಕೇಳ್ಕೊಂಡು ಬಂದ್ರು. 'ಅಲೆ ಅಕ್ಷರ ಹಾಕ್ಕೊಡಿ' ಅಂತ."

"ಯಾರಿಗೂ ಹೇಳ್ಲಿಲ್ವಾ?"

"ಪೇಂಟರ್ ಕೈ ನಡುಗುತ್ತೆ ಅಂದ್ರೆ ಯಾರು ಏಣಿ ಹತ್ತಿಸ್ತಾರೆ? ಒಂದಿನ ಡಬ್ಬಿ ಕೈಜಾರಿ ಕೆಳಗೆ ಬಿತ್ತು. ಜೊತೆಗಾರ ಕೆಳಗೇ ಇದ್ದ. 'ಬೆಳಿಗ್ಗೆನೇ ಹಾಕಿದ್ದೀಯಾ?' ಅಂದ. ನಾನು ಸುಮ್ನಿದ್ದೆ. ಬೀದಿಯೆಲ್ಲ ಕುಡುಕ ಅಂತು. ಆಗ್ಲೂ ಸುಮ್ನಿದ್ದೆ. ಕುಡುಕ ಬಿಟ್ರೆ ಸರಿಹೋಗ್ತಾನೆ ಅಂತಾರೆ, ಕೆಲ್ಸ ಇಟ್ಟಿರ್ತಾರೆ. ನಡುಕದವನು ಏನು ಬಿಟ್ರೆ ಸರಿಹೋಗ್ತಾನೆ? ನಡುಕ ಅನ್ನೋದಕ್ಕಿಂತ ಕುಡುಕ ವಾಸಿ ಅನ್ನಿಸ್ತು."

"ಮನೇಲಾದ್ರೂ ಹೇಳ್ಬಹುದಿತ್ತು."

"ನಿಮ್ಮಮ್ಮಂಗೆ ಗೊತ್ತಿತ್ತು."

"ನನಗೆ?"

"ನೀನು ಕೇಳ್ಲಿಲ್ಲ," ಎಂದ ಅಪ್ಪ. ದೂರಿದ ಹಾಗಿರಲಿಲ್ಲ, ಅಂಗಡಿಯ ವಿಳಾಸ ಹೇಳಿದ ಹಾಗಿತ್ತು.

ಟೀ ಮಾಡಿದೆ. ಎರಡು ಕಪ್ಪು. ಕೈಗೆ ಬಂದಷ್ಟೇ ಸುರಿದೆ, ಎರಡೂ ಅರ್ಧರ್ಧ ಆದವು. ಸಾಸರು ಹುಡುಕಲು ಹೋಗಲಿಲ್ಲ.

ಫೆಬ್ರುವರಿ 27, ಶುಕ್ರವಾರ

ಅಪ್ಪನಿಗೆ ಏಕಾಏಕಿ ಗುರುಪೀಠ ಸಿಕ್ಕಿದೆ. ಬೆಳಿಗ್ಗೆ ಆರಕ್ಕೇ ಎಬ್ಬಿಸಿ "ತಗೊಂಬಾ ನಿನ್ನ ಕುಂಬಳಕಾಯಿನ" ಎಂದ. ಕಿಟಕಿಯಲ್ಲಿ ನಿಂತೆ. ಅವನು ಜಾತ್ರೆಯಲ್ಲಿ ಎತ್ತು ನೋಡುವವನ ಹಾಗೆ ನನ್ನ ಸುತ್ತ ಒಂದು ಸುತ್ತು ಬಂದ.

"ಕೈಯಿಂದ ಹಿಡೀಬೇಡ, ಮೈಯಿಂದ ಹಿಡಿ."

ಪ್ರಾಸ ರಕ್ತದಲ್ಲೇ ಇದೆ ಎಂದು ಇವತ್ತು ತಿಳಿಯಿತು. ಅದರ ಜೊತೆ ಇನ್ನೇನೇನು ಇದೆಯೋ ಅದೂ.

"ಏಣಿ ಮೇಲೆ ನನಗೆ ಕೈ ಊರೋ ಕೋಲಿಗೆ ಜಾಗ ಇರ್ತಿರಲಿಲ್ಲ. ಎದೆ ಏಣಿಗೆ ಒತ್ತಿ ನಿಲ್ತಿದ್ದೆ. ಎಡಗೈಯಲ್ಲಿ ಬಲ ಹೆಗಲು ಹಿಡ್ಕೋ. ಹ್ಞಾ, ಹಾಗೆ. ಈಗ ಮೊಣಕೈ ಮುಂದಕ್ಕೆ ಬಂತಲ್ಲ? ಅದೇ ಶೆಲ್ಫು. ಬಲಗೈಯನ್ನ ಅದರ ಮೇಲೆ ಇಟ್ಟು ಬರೀತಿದ್ದೆ. ಕುಂಚಕ್ಕೆ ಆಗಿದ್ದು ಕುಂಬಳಕಾಯಿಗೆ ಆಗಲ್ವಾ?"

ನಿಂತು ಮಾಡಿದರೆ ಆಗಲಿಲ್ಲ, ಭಾರಕ್ಕೆ ಸೊಂಟ ಬಾಗಿತು. ನೆಲದ ಮೇಲೆ ಕೂತೆ. ಎಡ ಮೊಣಕಾಲು ಎತ್ತಿ, ಅದರ ಮೇಲೆ ಎಡ ಮೊಣಕೈ ಊರಿ, ಎಡಗೈಯಿಂದ ಬಲ ಹೆಗಲು ಹಿಡಿದೆ. ಮಡಿಸಿದ ತೋಳಿನ ಸಂದಿಯಲ್ಲಿ ಬೂದುಗುಂಬಳವನ್ನು ಮಲಗಿಸಿದೆ. ತೊಟ್ಟಿಲಲ್ಲಿ ಮಗು ಮಲಗಿದ ಹಾಗೆ ಮಲಗಿತು. ಹೊರುವ ಕೆಲಸ ಮೂಳೆಗೆ ಹೋಯಿತು, ಬಲಗೈಗೆ ಗುಂಡಿ ಹಿಂಡುವುದೊಂದೇ ಉಳಿಯಿತು. ಉಸಿರು ಅರ್ಧ ಬಿಟ್ಟೆ.

ಟ್ಯಾಂಕು ನಿಂತಿತು.

ಪೂರ್ತಿ ಅಲ್ಲ. ಮೆಲ್ಲಗೆ ಉಸಿರಾಡುವ ಟ್ಯಾಂಕು. ಆದರೆ ಅದರ ಮೇಲೆ "ಮುಚ್ಚಳ ತೆರೆಯಬೇಡಿ" ಎಂದು ಬರೆದದ್ದನ್ನು ಓದಿದೆ, ಜೋರಾಗಿ.

ಅಪ್ಪ ನನ್ನ ಭಂಗಿ ನೋಡಿ ನಗತೊಡಗಿದ. ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡ. "ಲೇ, ಥೇಟ್ ಕುಂಬಳಕಾಯಿ ಕಳ್ಳ ಕಣೋ ನೀನು! ಹೆಗಲು ಮುಟ್ಕೊಂಡು, ಮಾಲನ್ನೂ ಮಡಿಲಲ್ಲಿ ಇಟ್ಕೊಂಡು!"

ಹೆಂಡತಿ ಅಡುಗೆಮನೆಯಿಂದ ಪ್ರಕಟಿಸಿದಳು: "ಕಳ್ಳರು ಮತ್ತು ಕಳ್ಳರ ತಂದೆಯವರು ತಿಂಡಿಗೆ ಬರತಕ್ಕದ್ದು."

ಮಾರ್ಚ್ 1, ಭಾನುವಾರ

ಸೆಮಿಫೈನಲ್. ನೂರ ಎಂಬತ್ತು ಚಿತ್ರ, ಅಲುಗದವು ನಲವತ್ತೊಂದು. ಮೈದಾನದ ಅಂಚಿನಲ್ಲಿ ಉಳಿದ ಫೋಟೋದವರೆಲ್ಲ ಯೋಧರ ಹಾಗೆ ಮಂಡಿಯೂರಿದ್ದರೆ ನಾನು ಹಲ್ಲುನೋವು ಬಂದವನ ಹಾಗೆ ಕೂತಿದ್ದೆ. ವರದಿಗಾರ "ಹೆಗಲು ಇನ್ನೂ ಸಿಕ್ಕಿಲ್ವಾ?" ಎಂದು ಕೇಳಿ ಹೋದ.

ಕತ್ತರಿ ಚಿತ್ರ ನೋಡಿದರು. ಎರಡೇ ಕಡೆ ಕತ್ತರಿಸಿದರು.

ಮಾರ್ಚ್ 5, ಗುರುವಾರ

ಮಾತ್ರೆಯಿಂದ ಸ್ವಲ್ಪ ಮಂಪರು. ಬೀಗದ ತೂತು ಹಾಗೇ ಸಣ್ಣದಿದೆ. ಬಾಗಿಲು ತಟ್ಟಿದೆ, ಅಪ್ಪ ಒಳಗಿನಿಂದ ತೆಗೆದ. ಅವನಿಗೂ ಚಿಲಕ ಎರಡನೆಯ ಸಲಕ್ಕೆ ಸಿಕ್ಕಿತು. ಅವಸರವೇನೂ ಇರಲಿಲ್ಲ.

ಮಾರ್ಚ್ 8, ಭಾನುವಾರ

ಫೈನಲ್. ಎರಡು ಗಂಟೆ ಮೊದಲೇ ಹೋಗಿ ಗೋಲಿನ ಎಡ ಮೂಲೆಯಲ್ಲಿ, ಜಾಹೀರಾತಿನ ಹಲಗೆಗೆ ಬೆನ್ನು ಕೊಟ್ಟು ಕೂತೆ. ಮೈ ಹಿಡಿಯಲು ಬೆನ್ನಿಗೂ ಏನಾದರೂ ಬೇಕು ಎನ್ನುವುದು ಅಪ್ಪನ ಎರಡನೆಯ ಸೂತ್ರ. ಅವನಿಗೆ ಅದು ಪ್ರಾಸದಲ್ಲಿ ಸಿಗಲಿಲ್ಲವೆಂದು ಬೇಸರ.

ಮೊದಲರ್ಧ ಏನೂ ಇಲ್ಲ. ಇಪ್ಪತ್ತೆರಡು ಜನ ಚೆಂಡಿಗೆ ನೋವಾದೀತೆಂದು ಮೆಲ್ಲಗೆ ಒದೆಯುತ್ತಿದ್ದರು. ಎರಡನೆಯ ಅರ್ಧದಲ್ಲಿ ಬೆಳಕು ಇಳಿಯಿತು. ಶಟರನ್ನು ಸೆಕೆಂಡಿನ ಎಂಟುನೂರರಲ್ಲಿ ಒಂದು ಪಾಲಿಗೆ ತಂದೆ, ಆಮೇಲೆ ಆರುನೂರರಲ್ಲಿ ಒಂದಕ್ಕೆ. ಇನ್ನು ಕೆಳಗಿಳಿದರೆ ನನ್ನ ಕೈ ಅದರ ಕಥೆ ಹೇಳಲು ಶುರುಮಾಡುತ್ತದೆ. ಎಪ್ಪತ್ತನೆಯ ನಿಮಿಷಕ್ಕೆ ಎಡತೋಳು ಮರಗಟ್ಟಿತು. ಅದು ನನ್ನದೇ ತೋಳೆಂದು ತಿಳಿಯಲು ಆಗಾಗ ನೋಡಿಕೊಳ್ಳಬೇಕಾಯಿತು.

ಎಂಬತ್ಮೂರನೆಯ ನಿಮಿಷ. ಮೂಲೆಯಿಂದ ಚೆಂಡು ಎದ್ದು ಬಂತು. ಒಂಬತ್ತನೆಯ ನಂಬರಿನವನು ಎಲ್ಲರ ತಲೆಯ ಮೇಲೆ ಎದ್ದ. ನಾನು ಹೆಗಲು ಬಿಗಿ ಹಿಡಿಯಲು ಹೋದೆ. ಬಿಗಿ ಹಿಡಿದಷ್ಟೂ ಜಾಸ್ತಿ. ಬಿಟ್ಟೆ. ಉಸಿರನ್ನೂ ಬಿಟ್ಟೆ. ಗುಂಡಿ ಹಿಂಡಿದೆ.

ಮೂರು ಚಿತ್ರ. ಒಂದರಲ್ಲಿ ಚೆಂಡಿಲ್ಲ. ಒಂದರಲ್ಲಿ ಎರಡು ಚೆಂಡಿವೆ. ನಡುವಿನದರಲ್ಲಿ ಗೋಲ್‌ಕೀಪರು ಗಾಳಿಯಲ್ಲಿ ಅಡ್ಡಡ್ಡ ಮಲಗಿದ್ದಾನೆ, ಕೈ ಪೂರ್ತಿ ಚಾಚಿದ್ದಾನೆ. ಅವನ ಬೆರಳ ತುದಿಗೂ ಚೆಂಡಿಗೂ ನಡುವೆ ಒಂದು ಕಡಲೆಬೀಜ ಹೋಗುವಷ್ಟು ಗಾಳಿ. ಆ ಗಾಳಿ ಸ್ಪಷ್ಟವಾಗಿದೆ. ಗ್ಲೌಸಿನ ಹೊಲಿಗೆ ಎಣಿಸಬಹುದು.

ಎಣಿಸಿದೆ. ಹನ್ನೊಂದು.

ಮಾರ್ಚ್ 9, ಸೋಮವಾರ

ಮೊದಲ ಪುಟ, ಐದು ಕಾಲಂ. ಒಂದು ಕಡೆಯೂ ಕತ್ತರಿಸಿಲ್ಲ. ಆಫೀಸಿನಲ್ಲಿ ಇದು ಚಿತ್ರಕ್ಕಿಂತ ದೊಡ್ಡ ಸುದ್ದಿ.

ಕತ್ತರಿ ಕರೆದು ಕೂರಿಸಿದರು. ಇಪ್ಪತ್ತು ವರ್ಷದಲ್ಲಿ ಆ ಕುರ್ಚಿಯ ಮೇಲೆ ಫೈಲುಗಳು ಮಾತ್ರ ಕೂತದ್ದನ್ನು ನೋಡಿದ್ದೆ.

"ಅಂತೂ ಕೈ ಗಟ್ಟಿಯಾಯ್ತು ನೋಡಿ."

ಹೌದು ಸಾರ್ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಎರಡು ಪದದ ಕೆಲಸ. ನೆಲಮಾಳಿಗೆಯ ಕೋಣೆಗೆ ಬೀಗ ಬೀಳುತ್ತಿತ್ತು.

"ಇಲ್ಲ ಸಾರ್. ನಡುಗುತ್ತೆ."

ಯಾಕೆ ಹೇಳಿದೆನೋ ಗೊತ್ತಿಲ್ಲ. ಬಹುಶಃ ಮಾತ್ರೆಯ ಮಂಪರು.

"ಅಂದ್ರೆ?"

ಕೈ ಚಾಚಿ ತೋರಿಸಿದೆ. ಅವರು ನೋಡಿದರು. ಯಾವ ಕಡೆಯೂ ಕತ್ತರಿಸದೆ, ಇದ್ದ ಹಾಗೆ ಪೂರ್ತಿ ನೋಡಿದರು.

"ಎಷ್ಟು ದಿನದಿಂದ?"

"ಒಂದು ವರ್ಷ ಆಯ್ತು. ಒಂಟಿಗಾಲು ಇದ್ದಾಗ ಗೊತ್ತಾಗ್ತಿರಲಿಲ್ಲ. ನಮ್ಮಪ್ಪನಿಗೂ ಇದೆ. ಹೋಗಲ್ಲವಂತೆ. ಇನ್ನು ಮೇಲೆ ನಾನು ಕೂತೇ ತೆಗೀಬೇಕು, ಬೆನ್ನಿಗೆ ಗೋಡೆ ಬೇಕು."

ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ತಪ್ಪು ತಿಳೀಬೇಡಿ. ನಾನು... ನೀವು ಕುಡೀತೀರಿ ಅಂದ್ಕೊಂಡಿದ್ದೆ."

"ನೀವು ಒಬ್ರೇನಾ ಸಾರ್?"

"ಇಲ್ಲ. ಎಲ್ರೂ."

ಒಂದು ತೊಟ್ಟೂ ಕುಡಿಯದೆ ಇಷ್ಟು ಹೆಸರು ಮಾಡಿದವರು ನಮ್ಮ ಮನೆತನದಲ್ಲಿ ಇಬ್ಬರಾದರು. ಮೊದಲನೆಯವನು ಸುಮ್ಮನಿದ್ದು ಏಣಿಯನ್ನು ಎರಡು ವರ್ಷ ಉಳಿಸಿಕೊಂಡ, ಹೆಸರನ್ನು ಮಾತ್ರ ಇಪ್ಪತ್ತೈದು ವರ್ಷ ಕಳೆದುಕೊಂಡ.

"ಎಲ್ರಿಗೂ ಹೇಳ್ಬಿಡಿ ಸಾರ್," ಎಂದೆ. "ಕುಡುಕ ಅನ್ನೋದಕ್ಕಿಂತ ನಡುಕ ವಾಸಿ."

ಕತ್ತರಿ ನಗಲಿಲ್ಲ. ಪ್ರಾಸ ಅರ್ಥವಾಗದ ಜಾತಿ. ಹಳೇ ಚಿತ್ರದ ಕೋಣೆಯ ಹೆಸರು ಎತ್ತಲಿಲ್ಲ, ಎತ್ತುವುದಿಲ್ಲವೆಂದೂ ಹೇಳಲಿಲ್ಲ. "ಈ ಶನಿವಾರ ಬಿಟ್ಟು ಮುಂದಿನ ಶನಿವಾರ ಓಟದ ಸ್ಪರ್ಧೆ ಇದೆ," ಎಂದರು. "ಬೇಗ ಹೋಗಿ ಗೋಡೆ ಹಿಡೀರಿ." ನಾನು ಏಳುವಾಗ ಡ್ರಾಯರಿನಿಂದ ಒಂದು ಹಾಳೆ ತೆಗೆದು ದೂಳು ಕೊಡವಿದರು. ಲೆನ್ಸಿನ ರಿಪೇರಿಯ ಅರ್ಜಿ. ಸೇವೆಯಲ್ಲಿತ್ತು ಎಂದು ಬರೆದಿದ್ದೆನಲ್ಲ.

ಮಾರ್ಚ್ 14, ಶನಿವಾರ

ರಜೆ. ಬೂದುಗುಂಬಳ ಹೊತ್ತು ಹಳೆಯ ಪೇಟೆಬೀದಿಗೆ ಹೋದೆ. ಬಟ್ಟೆ ಅಂಗಡಿ ಮುಚ್ಚಿ ಔಷಧದ ಅಂಗಡಿಯಾಗಿದೆ. ಆದರೆ ಎರಡನೆಯ ಮಹಡಿಯ ಗೋಡೆಯಲ್ಲಿದ್ದ ಅಪ್ಪನ ಬೋರ್ಡನ್ನು ಯಾರೂ ಇಳಿಸಿಲ್ಲ. ಅಷ್ಟು ಎತ್ತರಕ್ಕೆ ಏಣಿ ತರಲು ಸೋಮಾರಿತನವಿರಬೇಕು. ಅಕ್ಷರಗಳು ಅರ್ಧ ಮಾಸಿವೆ, ಫೋನ್ ನಂಬರು ಉಳಿದಿದೆ.

ಎದುರಿನ ಪಾದಚಾರಿ ದಾರಿಯಲ್ಲಿ ಗೋಡೆಗೆ ಒರಗಿ ಕೂತು, ಮೊಣಕಾಲು ಎತ್ತಿ, ಹೆಗಲು ಮುಟ್ಟಿಕೊಂಡೆ. ಹೋಗುವವರೊಬ್ಬರು "ಮೈ ಸರಿಯಿಲ್ವಾ?" ಎಂದು ಕೇಳಿದರು. "ಇಲ್ಲ, ಪರವಾಗಿಲ್ಲ" ಎಂದೆ. ಎರಡೂ ನಿಜ.

ಮೂವತ್ತು ಚಿತ್ರ ತೆಗೆದೆ. ಕೊನೆಯ ಸೊನ್ನೆಯದೊಂದು ಬಹಳ ಚೆನ್ನಾಗಿ ಬಂತು. ಕುಂಚ ಎಲ್ಲಿ ಇಳಿಯಿತು, ಎಲ್ಲಿ ತಡವರಿಸಿತು, ಎಲ್ಲಿ ಅವನು ಉಸಿರು ಹಿಡಿದ, ಎಲ್ಲಿ ಬಿಟ್ಟ, ಎಲ್ಲವೂ ಕಾಣುತ್ತದೆ. ಕೆಳಗಿನಿಂದ ನೋಡುವವರಿಗೆ ಡಿಸೈನು. ಆ ಗೆರೆಯ ಹಲ್ಲುಗಳನ್ನು ನಾನು ಒಂದು ಹಾಳೆಯಲ್ಲಿ ಮೊದಲೇ ನೋಡಿದ್ದೆ.

ದೊಡ್ಡದಾಗಿ ಪ್ರಿಂಟು ಹಾಕಿಸಿ ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡ, ತೆಗೆದ, ಮತ್ತೆ ಹಾಕಿಕೊಂಡ. ಬಹಳ ಹೊತ್ತು ನೋಡಿದ.

"ಸ್ವಲ್ಪ ಅಲುಗಿದೆಯಲ್ಲೋ," ಎಂದ.

"ಚಿತ್ರ ಅಲುಗಿಲ್ಲ ಅಪ್ಪ."

"ಹಾಗಾದ್ರೆ ಸೊನ್ನೆನಾ?"

"ಸೊನ್ನೆಯೂ ಅಲ್ಲ. ನೀನು ಹಿಡ್ಕೊಂಡಿದ್ದೀಯಲ್ಲ, ಅದಕ್ಕೆ."

ಅಪ್ಪ ತನ್ನ ಕೈ ನೋಡಿಕೊಂಡು "ಓಹೋ" ಎಂದ. ಅವನಿಗೆ ಸರಿಯಾಗಿ ಕಾಣಲೆಂದು ಪ್ರಿಂಟಿನ ಇನ್ನೊಂದು ತುದಿಯನ್ನು ನಾನು ಹಿಡಿದೆ.

ಇನ್ನೂ ಜಾಸ್ತಿ ಅಲುಗಿತು.